ಅಮೀರ್‌ಪೇಟ್‌ನಲ್ಲಿ ಇಳಿಯದವಳು

ಬಸ್ಸಿನಲ್ಲಿ ಪಕ್ಕಕ್ಕೆ ಕೂತವರ ಹತ್ತಿರ ಸುಂದರಾಬಾಯಿ ಏನು ಬೇಕಾದರೂ ಮಾತಾಡುತ್ತಿದ್ದಳು. ಮೊಣಕಾಲು ನೋವು, ಎಣ್ಣೆಗಾಯಿಗೆ ಎಂಥ ಬದನೆಕಾಯಿ ಆರಿಸಬೇಕು, ಮಗಳ ಬಾಣಂತನ, ಬೀದರಿನ ಬಿಸಿಲಿಗೂ ಹೈದರಾಬಾದಿನ ಬಿಸಿಲಿಗೂ ಏನು ಫರಕು, ಯಾವುದೂ ಬಿಡುತ್ತಿರಲಿಲ್ಲ. ಅಮೀರ್‌ಪೇಟ್‌ನಲ್ಲಿ ಹತ್ತಿ ಅಫ್ಜಲ್‌ಗಂಜ್‌ನಲ್ಲಿ ಇಳಿಯುವುದರೊಳಗೆ ಎದುರಿನವರ ಮೂರು ತಲೆಮಾರಿನ ಸುದ್ದಿ ಆಕೆಗೆ ಬಾಯಿಪಾಠವಾಗಿರುತ್ತಿತ್ತು. ಆದರೆ ಯೇಸುಸ್ವಾಮಿಯ ಹೆಸರು ಎತ್ತಬೇಕು ಅಂದರೆ ಮಾತ್ರ ಅದೇ ನಾಲಗೆ ಬಾಯೊಳಗೆ ಅಂಟಿಕೊಂಡುಬಿಡುತ್ತಿತ್ತು.

ಹಾಗಂತ ಆಕೆಯ ಭಕ್ತಿಯೇನೂ ಕಡಿಮೆಯದಲ್ಲ. ಬೀದರಿನ ಮೆಥೋಡಿಸ್ಟ್ ಮನೆತನದಲ್ಲಿ ಹುಟ್ಟಿದವಳು, ಐವತ್ತೆಂಟು ವರ್ಷದಲ್ಲಿ ಐವತ್ತು ವರ್ಷ ಹಾಡಿನ ತಂಡದಲ್ಲಿ ನಿಂತವಳು. ಹತ್ತು ವರ್ಷದಿಂದ ಅಮೀರ್‌ಪೇಟ್‌ನ ಹೆಣ್ಣುಮಕ್ಕಳ ಹಾಸ್ಟೆಲೊಂದಕ್ಕೆ ವಾರ್ಡನ್ ಆಗಿದ್ದಳು. ಕಂಪ್ಯೂಟರ್ ಕೋರ್ಸು ಕಲಿಯಲು ಬಂದ ನಲವತ್ತು ಹುಡುಗಿಯರ ಊಟ, ಜ್ವರ, ಜಗಳ, ಮದುವೆಯ ಮಾತುಕತೆ ಎಲ್ಲವೂ ಆಕೆಯ ಪಾಲಿಗೇ. ರಾತ್ರಿ ಊಟಕ್ಕೆ ಮುಂಚೆ ಆಕೆ ಕಣ್ಣುಮುಚ್ಚಿ ಪ್ರಾರ್ಥಿಸಿದರೆ ಹುಡುಗಿಯರೂ ತಟ್ಟೆ ಸದ್ದು ಮಾಡದೆ ಕಾಯುತ್ತಿದ್ದರು. ಆದರೆ ಗುರುತಿಲ್ಲದವರ ಮುಂದೆ ತನ್ನ ನಂಬಿಕೆಯ ಸಾಕ್ಷಿ ಹೇಳುವುದು ಬೇರೆಯದೇ ಕೆಲಸ.

ಈಸ್ಟರ್ ಮುಗಿದ ಮರುವಾರ ಕನ್ನಡ ಸಭೆಯ ಪಾಸ್ಟರ್ ಆನಂದಕುಮಾರ ಒಬ್ಬೊಬ್ಬರ ಕೈಗೂ ಹತ್ತು ಹತ್ತು ಕಿರುಪುಸ್ತಕ ಇಟ್ಟರು.

"ನೀವೆಲ್ಲ ದಿನಾ ಬಸ್ಸು, ಮೆಟ್ರೋದಾಗ ಓಡಾಡ್ತೀರಿ. ದಾರ್ಯಾಗ ಸಿಕ್ಕವರಿಗಿ ಪ್ರಭುವಿನ ವಿಷಯ ಒಂದು ಮಾತು ಹೇಳ್ರಿ. ಜಬರದಸ್ತಿ ಬ್ಯಾಡ, ವಾದ ಬ್ಯಾಡ. ಒಲ್ಲೆ ಅಂದ್ರ ನಕ್ಕು ಸುಮ್ಮನಾಗ್ರಿ," ಅಂದರು.

ಸುಂದರಾಬಾಯಿ ಮೂರು ಸಲ ಪ್ರಯತ್ನಪಟ್ಟಳು. ಮೊದಲನೆಯವನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಹುಡುಗ. ಪುಸ್ತಕವನ್ನು ಭಾರಿ ಮರ್ಯಾದೆಯಿಂದ ತೆಗೆದುಕೊಂಡು, ಲಕಡಿ ಕಾ ಪುಲ್ ಬರುವವರೆಗೂ ಅದರಿಂದ ಗಾಳಿ ಹಾಕಿಕೊಂಡು, ಇಳಿಯುವಾಗ "ಥ್ಯಾಂಕ್ಸ್ ಆಂಟಿ" ಅಂತ ಹಿಂದಕ್ಕೆ ಕೊಟ್ಟುಹೋದ. ಎರಡನೆಯವಳು ಬಿಳಿ ಸೀರೆಯ ಹೆಂಗಸು. ಆಕೆ ತೆಲುಗು ಸಭೆಯೊಂದರ ಬೋಧಕಿಯೆಂದು ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಪಂಜಾಗುಟ್ಟದಿಂದ ನಾಂಪಲ್ಲಿವರೆಗೆ ಆಕೆಯೇ ಸುಂದರಾಬಾಯಿಗೆ ಬೋಧಿಸಿ, ತಲೆಯ ಮೇಲೆ ಕೈಯಿಟ್ಟು ಗಟ್ಟಿಯಾಗಿ ಪ್ರಾರ್ಥನೆಯನ್ನೂ ಮಾಡಿದಳು. ಕೊನೆಗೆ ಕಂಡಕ್ಟರಮ್ಮನೂ "ಆಮೆನ್" ಅಂದಳು. ಮೂರನೆಯವರು ನಿವೃತ್ತ ಮೇಷ್ಟ್ರು. ಶಾಂತವಾಗಿ ಕೇಳಿಸಿಕೊಂಡು ಮೂರು ಪ್ರಶ್ನೆ ಹಾಕಿದರು. ಒಂದಕ್ಕೂ ಉತ್ತರ ಹೊಳೆಯದೆ ಸುಂದರಾಬಾಯಿ, "ಕೇಳ್ಕೊಂಡು ಬಂದು ಹೇಳ್ತೀನ್ರಿ" ಅಂದವಳೇ ಒಂದು ಸ್ಟಾಪ್ ಮೊದಲೇ ಇಳಿದುಬಿಟ್ಟಿದ್ದಳು.

ನಾಲ್ಕನೆಯ ಸಲ ಏನಾಯಿತೆಂದರೆ, ಆಕೆ ಪ್ರಯತ್ನವನ್ನೇ ಪಡಲಿಲ್ಲ.

ಅದು ಶನಿವಾರ. ಬೇಗಂ ಬಜಾರಿನಲ್ಲಿ ಹಾಸ್ಟೆಲಿಗೆ ಹುಣಸೆಹಣ್ಣು, ಒಣಮೆಣಸಿನಕಾಯಿ ಕೊಂಡು, ಮೊಣಕಾಲು ಬಹಳ ಕಾಡುತ್ತಿದ್ದುದರಿಂದ ಬಸ್ಸು ಬಿಟ್ಟು ಮೆಟ್ರೋ ಹಿಡಿಯೋಣವೆಂದು ಆಕೆ ದೊಡ್ಡ ಬಸ್‌ಸ್ಟ್ಯಾಂಡಿನ ಪಕ್ಕದ ಸ್ಟೇಷನ್ನಿಗೆ ಬಂದಳು. ಮೇಲಕ್ಕೆ ಹೋಗುವ ಯಂತ್ರದ ಮೆಟ್ಟಿಲ ಬುಡದಲ್ಲಿ ಜನ ಜಮಾಯಿಸಿದ್ದರು. ಮುಂದೆ ಒಬ್ಬ ಹೆಂಗಸು ಸೀರೆಯ ನೆರಿಗೆ ಹಿಡಿದುಕೊಂಡು ಕಂಬದ ಹಾಗೆ ನಿಂತಿದ್ದಳು.

"ಇದು ಮೆಟ್ಟಲಲ್ಲ ಬಿಡು, ಹಾವು ಹರದಾಡಿದಂಗ ಹರದಾಡಾಕತ್ತೈತಿ. ನಾ ಒಲ್ಲೆ."

"ಕಣ್ಣ ಮುಚ್ಚಿ ಕಾಲಿಡು!" ಮೇಲೆ ಅರ್ಧ ದಾರಿಗೆ ಹೋಗಿದ್ದ ಗಂಡ ಕೂಗುತ್ತಿದ್ದ. ಅವನ ತಲೆಯ ಮೇಲೆ ಕಂಬಳಿಯ ಗಂಟು, ಹೆಗಲಲ್ಲಿ ಜೋಳದ ಹಿಟ್ಟಿನ ಚೀಲ.

ಕನ್ನಡ ಕಿವಿಗೆ ಬಿದ್ದದ್ದೇ ಸುಂದರಾಬಾಯಿಗೆ ಮೊಣಕಾಲು ಮರೆತುಹೋಯಿತು. "ಕಣ್ಣ ಮುಚ್ಚಬ್ಯಾಡ ತಂಗಿ, ಬೀಳ್ತಿ. ಬಾ, ನನ್ನ ಕೈ ಹಿಡಕೋ. ಒಂದು, ಎರಡು, ಹೂಂ!"

ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಮೇಲೆ ತಲುಪಿದರು. ಅವಳ ಹೆಸರು ಯಂಕಮ್ಮ. ಶಹಾಪುರದ ಕಡೆಯ ಹಳ್ಳಿಯವರು. ಕೊಂಡಾಪುರದಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟಿನ ಕೆಲಸಕ್ಕೆ ಹೊರಟಿದ್ದರು. ಅವರ ಊರಿನವನೇ ಆದ ಮೇಸ್ತ್ರಿ ಗುರುಶಾಂತ ಹೈಟೆಕ್ ಸಿಟಿ ಸ್ಟೇಷನ್ನಿನಲ್ಲಿ ಇಳಿಯಲು ಹೇಳಿದ್ದನಂತೆ.

"ಅಮೀರ್‌ಪೇಟ್‌ದಾಗ ಗಾಡಿ ಬದಲಿ ಮಾಡಬೇಕು. ನಾನೂ ಅಲ್ಲೇ ಇಳಿಯೋದು. ನನ್ನ ಬೆನ್ನ ಹಿಂದ ಬರ್ರಿ," ಅಂದಳು ಸುಂದರಾಬಾಯಿ, ಬಹಳ ಧೈರ್ಯವಾಗಿ.

ಗಂಡನ ಹೆಸರು ಮೌನಪ್ಪ. ಆ ಹೆಸರಿಟ್ಟ ದಿನವೇ ಅವನಲ್ಲಿದ್ದ ಮೌನವೆಲ್ಲ ಖರ್ಚಾಗಿರಬೇಕು. ಸುಂದರಾಬಾಯಿಯ ಹುಣಸೆಹಣ್ಣಿನ ಚೀಲವನ್ನೂ ತಾನೇ ಹೊತ್ತುಕೊಂಡು, ಗಾಡಿ ಬರುವ ಮೊದಲೇ ಊರಿನ ಸುದ್ದಿ ಮುಗಿಸಿ ಹೋಬಳಿಯ ಸುದ್ದಿಗೆ ಬಂದಿದ್ದ. ಹೆಂಗಸರ ಡಬ್ಬಿಯ ತುದಿಯಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಅವನು ಗಂಡಸರು ದಾಟಬಾರದ ಗೆರೆಯ ಆಚೆ ಕಂಬ ಹಿಡಿದು ನಿಂತ. ಯಂಕಮ್ಮ ಕಿಟಕಿಗೆ ಮೂಗು ಹಚ್ಚಿ ಕೂತಳು. ಕೆಳಗೆ ಮನೆಗಳ ಮಾಳಿಗೆ, ಒಣಹಾಕಿದ ಬಟ್ಟೆ, ಮಸೀದಿಯ ಮಿನಾರು, ಆಟಿಕೆಯ ಹಾಗೆ ಓಡುವ ಆಟೋಗಳು. ಅವಳು ಈ ಲೋಕದಲ್ಲೇ ಇರಲಿಲ್ಲ.

"ಊರಾಗ ಏನು ಕೆಲಸ ತಮ್ಮಾ?"

"ಕುರಿ ಕಾಯಾದ್ರೀ ಅಕ್ಕಾರ. ನಾನೂ ನಮ್ಮಣ್ಣ ಕೂಡಿ. ಈಗ ಅಣ್ಣನ ಕೈಯಾಗ ಬಿಟ್ಟು ಬಂದೀನಿ. ಮೂರು ತಿಂಗಳು ಇದ್ದು ಹೋದ್ರಾತು ಅಂತ. ಇಕಿಗೆ ಪಟ್ಟಣ ನೋಡೋ ಹುಚ್ಚು."

"ಯಾರಿಗಿ ಹುಚ್ಚು?" ಅಂದಳು ಯಂಕಮ್ಮ, ಕಿಟಕಿಯಿಂದ ಮುಖ ತಿರುಗಿಸದೆ.

ಕುರಿ ಅಂದದ್ದೇ ತಡ, ಸುಂದರಾಬಾಯಿಯ ಬಾಯಿಂದ ಮಾತು ತಾನಾಗಿ ಜಾರಿತು. "ನಮ್ಮ ಯೇಸುಸ್ವಾಮಿ ಒಂದು ಕುರಿ ಕತಿ ಹೇಳ್ಯಾನ."

"ಹೇಳ್ರಿ ಮತ್ತ. ಕುರಿ ಕತಿ ಅಂದ್ರ ಕೇಳಬೇಕು."

"ಒಬ್ಬಗ ನೂರು ಕುರಿ ಇದ್ವು. ಒಂದಿನ ಅದ್ರಾಗ ಒಂದು ತಪ್ಪಿಸಿಕೊಂಡು ಹೋತು. ಆಗ ಅವ ಉಳದ ತೊಂಬತ್ತೊಂಬತ್ತನ್ನೂ ಅಡವ್ಯಾಗ ಬಿಟ್ಟು..."

"ತಡೀರಿ, ತಡೀರಿ. ಯಾರ ಕೈಯಾಗ ಬಿಟ್ಟ?"

"ಯಾರ ಕೈಯಾಗ ಅಂದ್ರ... ಬಿಟ್ಟ."

"ಜೋಡಿ ಯಾರೂ ಇರಲಿಲ್ಲೇನು? ಹೋಗ್ಲಿ, ನಾಯಿ?"

ಸುಂದರಾಬಾಯಿ ನೆನಪು ಕೆದಕಿದಳು. "ನಾಯಿ ವಿಷಯ ಅದ್ರಾಗ ಇಲ್ಲ."

"ಹಂಗಾದ್ರ ಅವ ಕುರಿ ಕಾಯೋನೇ ಅಲ್ರೀ! ಒಂದರ ಸಲುವಾಗಿ ಎಲ್ಲಾ ತಂದು ತೋಳದ ಬಾಯಿಗಿ ಕೊಡ್ತಾನೇನು?"

ಡಬ್ಬಿಯಲ್ಲಿದ್ದವರು ತಿರುಗಿ ನೋಡಿದರು. ಈ ಕಥೆಯ ಮೇಲೆ ಸುಂದರಾಬಾಯಿ ಪಾಸ್ಟರುಗಳ ಅರವತ್ತು ಪ್ರಸಂಗವಾದರೂ ಕೇಳಿರಬಹುದು. ನಾಯಿಯನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಆಕೆಗೆ ಸ್ವಾಮಿಯ ಪರವಾಗಿ ಸಣ್ಣಗೆ ಸಿಟ್ಟೇ ಬಂತು.

"ಪ್ರೀತಿ ಅಂದ್ರ ಹಂಗ ತಮ್ಮಾ. ಅದು ಹಿಂದ ಮುಂದ ನೋಡಂಗಿಲ್ಲ."

"ಪ್ರೀತಿ ಖರೆ. ತೋಳಕ್ಕ ತಿಳಿಬೇಕಲ್ರೀ?"

ವಾದ ಬೇಡವೆಂದು ಪಾಸ್ಟರು ಹೇಳಿದ್ದು ಆಕೆಗೆ ನೆನಪಾಗಲೇ ಇಲ್ಲ. ಇಬ್ಬರೂ ಖೈರತಾಬಾದ್ ದಾಟುವವರೆಗೆ ತೋಳದ ಮೇಲೆ ಜಗಳಾಡಿದರು. ಪಂಜಾಗುಟ್ಟ ಬಂದಾಗ ಮೌನಪ್ಪನೇ ಕೇಳಿದ. "ಸಿಕ್ಕ ಮ್ಯಾಲ ಏನು ಮಾಡಿದ? ಎರಡು ಹೊಡದ್ನೋ ಇಲ್ಲೋ?"

"ಹೊಡೀಲಿಲ್ಲ. ಹೆಗಲ ಮ್ಯಾಲ ಹೊತ್ಕೊಂಡು ಬಂದ."

ಅವನು ಕಂಬ ಹಿಡಿದೇ ಈ ಕಡೆ ಬಗ್ಗಿದ. ಆಮೇಲೆ ಸಣ್ಣ ದನಿಯಲ್ಲಿ ಅಂದ. "ಈ ಮಾತು ಮಾತ್ರ ಕುರಿ ಬಲ್ಲವ ಹೇಳಿದ್ದು ನೋಡ್ರಿ. ಹಿಂಡು ತಪ್ಪಿದ ಕುರಿ ಕೂಗಂಗಿಲ್ಲ, ನಡಿಯಂಗಿಲ್ಲ. ಹೆದರಿ ಮುಳ್ಳಿನ ಕಂಟ್ಯಾಗ ಕುಂತುಬಿಡ್ತೈತಿ. ನೀವು ಹೊಡದ್ರೂ ಏಳಲ್ಲ, ಕರದ್ರೂ ಏಳಲ್ಲ. ಹೊತ್ತೇ ತರಬೇಕು."

ಚಿಕ್ಕಂದಿನಿಂದ ನೋಡಿದ, ಯೇಸುಸ್ವಾಮಿ ಕುರಿ ಹೊತ್ತು ನಿಂತ ಚಿತ್ರದಲ್ಲಿ ಅದು ಯಾಕೆ ಹೆಗಲ ಮೇಲಿದೆ ಎಂದು ಸುಂದರಾಬಾಯಿ ಯೋಚಿಸಿಯೇ ಇರಲಿಲ್ಲ. ಮುದ್ದಿಗೆ ಹೊತ್ತಿದ್ದಾನೆ ಅಂದುಕೊಂಡಿದ್ದಳು. "ಅದಕ್ಕ ನಡಿಯಾಕ ಆಗೋದಿಲ್ಲಂತ ಹೊತ್ತನೇನು?" ಅಂತ ಕೇಳುತ್ತ ಎದ್ದಳು. ಅಮೀರ್‌ಪೇಟ್ ಬಂದಿತ್ತು. "ಏಳ್ರಿ, ಇಳೀಬೇಕು," ಅಂದು ಜನದ ನೂಕಿನಲ್ಲಿ ಇಳಿದಳು. ಮೌನಪ್ಪ ಒಮ್ಮೆ ಕುರಿಯೊಂದನ್ನು ಎರಡು ಹರದಾರಿ ಹೊತ್ತು ತಂದದ್ದನ್ನು ಹೇಳುತ್ತ ಹಿಂದೆಯೇ ಇಳಿದ.

ಬಾಗಿಲು ಮುಚ್ಚಿತು. ಗಾಡಿ ಹೊರಟಿತು. ಮುಂದೆ ಸರಿದುಹೋದ ಕಿಟಕಿಯೊಂದರಲ್ಲಿ ಮೂಗು ಹಚ್ಚಿದ ಮುಖವೊಂದು ಅವರನ್ನು ನೋಡಿತು. ಮೊದಲು ಪರಿಚಯದ ನಗೆ, ಆಮೇಲೆ ಗಾಬರಿ. ಅಷ್ಟೊತ್ತಿಗೆ ಗಾಡಿ ದಾಟಿಹೋಗಿತ್ತು.

"ಯಂಕೀ!" ಮೌನಪ್ಪ ಕೂಗಿದ ಕೂಗಿಗೆ ಕಾವಲಿನವನು ಓಡಿಬಂದ.

"ಆಕಿ ಹತ್ರ ಫೋನು?"

"ಇರಾದು ಒಂದ ಫೋನು, ಅದು ನನ್ನ ಕಿಸೆದಾಗ ಐತಿ!"

ಮುಂದಿನ ಗಾಡಿ ಬಂದಾಗ ಮೌನಪ್ಪ ಕಂಬಳಿಯ ಗಂಟು, ಹಿಟ್ಟಿನ ಚೀಲ, ಹುಣಸೆಹಣ್ಣು ಎಲ್ಲವನ್ನೂ ನೆಲಕ್ಕೆ ಒಗೆದು ಒಳಗೆ ಹಾರಿದ.

"ತಮ್ಮಾ, ನಿನ್ನ ಗಂಟು!"

"ಅದು ಅತ್ಲಾಗ ಹಾಳಾಗಿ ಹೋಗ್ಲಿ ಬಿಡ್ರಿ!"

ಅವನೂ ಹೋದ. ಅವನ ನಂಬರು ತೆಗೆದುಕೊಳ್ಳಲಿಲ್ಲವೆಂದು ಸುಂದರಾಬಾಯಿಗೆ ಆಮೇಲೆ ಹೊಳೆಯಿತು. ಸ್ಟೇಷನ್ನಿನ ಹುಡುಗಿಯೊಬ್ಬಳು ಎಲ್ಲ ಕೇಳಿಕೊಂಡು ಮುಂದಿನ ಸ್ಟೇಷನ್ನುಗಳಿಗೆಲ್ಲ ಫೋನು ಹಚ್ಚಿದಳು. ಕಾವಲಿನವನು ಚೀಲಗಳನ್ನು ಬೆಂಚಿನ ಹತ್ತಿರ ಸರಿಸಿಕೊಟ್ಟ. ಸುಂದರಾಬಾಯಿ ಅವುಗಳ ನಡುವೆ ಕುಸಿದು ಕೂತಳು. ತಂದೆಯೇ, ನಿನ್ನ ಹೆಸರು ಹೇಳಹೋಗಿ ಒಬ್ಬರ ಸಂಸಾರ ಎರಡು ಮಾಡಿದೆನಲ್ಲ. ನನಗೆ ಈ ಕೆಲಸ ಹೇಳಿದವರು ಯಾರು? ಮೆಣಸಿನಕಾಯಿ ಹಿಡಿದ ಕೈಯಿಂದಲೇ ಕಣ್ಣೊರೆಸಿಕೊಂಡಳು. ಕಣ್ಣು ಇನ್ನಷ್ಟು ಉರಿದು ನೀರು ಧಾರಾಕಾರ ಹರಿಯಿತು.

ಹದಿನೈದು ನಿಮಿಷ ಕಳೆದಿರಬೇಕು. ಹಳಿಯ ಆಚೆಯ ಕಟ್ಟೆಯಿಂದ ಯಾರೋ ಕೂಗಿದರು.

"ಅಕ್ಕಾರ! ಹುಣಸಿಹಣ್ಣಿನ ಅಕ್ಕಾರ!"

ಎದುರು ಬದಿಯಲ್ಲಿ ಯಂಕಮ್ಮ ನಿಂತಿದ್ದಳು. ಪಕ್ಕದಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡ ಕಾಲೇಜು ಹುಡುಗಿ. ಆ ಹುಡುಗಿಯೇ ಅವಳನ್ನು ಈಚೆಗೆ ಕರೆತಂದು ಬಿಟ್ಟು, ಕ್ಲಾಸಿಗೆ ಹೊತ್ತಾಯಿತೆಂದು ಓಡಿದಳು.

"ಆ ಹುಡುಗಿ ತೆಲುಗು, ನಾನು ಕನ್ನಡ. 'ಅಮೀರ, ಅಮೀರ' ಅಂದೆ. ಕೈ ಹಿಡಕೊಂಡು ಇಳಿಸಿ, ಈ ಕಡಿ ಗಾಡಿ ಹತ್ತಿಸಿ, ತಾನೂ ಬಂದ್ಲು." ಯಂಕಮ್ಮ ಸುತ್ತ ನೋಡಿದಳು. "ಅಂವ ಎಲ್ಲಿ?"

"ನಿನ್ನ ಹುಡುಕಾಕ ಹೋಗ್ಯಾನವ್ವ. ತಪ್ಪು ನಂದು. ಮಾತಿನ ಭರದಾಗ ನಿನ್ನ ಬಿಟ್ಟೆ."

"ಕಳದಾಕಿ ನಾನು, ಅಳಾಕಿ ನೀವು!" ಯಂಕಮ್ಮ ನಕ್ಕು ಪಕ್ಕಕ್ಕೆ ಕೂತು, ತನ್ನ ಸೆರಗಿನಿಂದ ಆಕೆಯ ಕಣ್ಣು ಒರೆಸಿದಳು. "ಬರ್ತಾನ ಬಿಡ್ರಿ. ಅಡವ್ಯಾಗ ದಾರಿ ಹುಡುಕಿದಂವ, ಇಲ್ಲಿ ಹಳಿ ಮ್ಯಾಲ ಎಲ್ಲಿ ತಪ್ಪತಾನ?" ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು. "ಅಕ್ಕಾರ, ಆ ಕತಿ ಅರ್ಧ ಕೇಳಿದೆ. ಕುರಿ ಸಿಕ್ತೇನು?"

"ಸಿಕ್ತವ್ವ. ಹೊತ್ಕೊಂಡು ಮನಿಗಿ ತಂದ. ಓಣಿ ಮಂದಿನೆಲ್ಲ ಕರದು, ನನ್ನ ಕುರಿ ಸಿಕ್ತು, ಎಲ್ಲಾರೂ ಸಂತೋಷ ಮಾಡ್ರಿ ಅಂದ. ದೇವರೂ ಹಂಗ ನಮ್ಮನ್ನ ಹುಡುಕ್ತಾನಂತ ಯೇಸುಸ್ವಾಮಿ ಹೇಳಿದ."

"ನಿಮ್ಮನ್ನ ಹುಡುಕ್ಯಾನೇನು?"

ಮೇಷ್ಟ್ರ ಮೂರು ಪ್ರಶ್ನೆಗಿಂತ ಇದು ದೊಡ್ಡದು. ಆದರೆ ಇದಕ್ಕೆ ಉತ್ತರ ಯಾರನ್ನೂ ಕೇಳಿಕೊಂಡು ಬರಬೇಕಾಗಿರಲಿಲ್ಲ.

"ಹನ್ನೊಂದು ವರ್ಷದ ಹಿಂದ ನಮ್ಮ ಮನಿಯವರು ತೀರ್ಕೊಂಡ್ರು," ಅಂದಳು ಸುಂದರಾಬಾಯಿ. "ನಾ ಬಾಗಿಲು ಹಾಕ್ಕೊಂಡು ಕುಂತುಬಿಟ್ಟೆ. ಚರ್ಚಿಗಿ ಹೋಗಲಿಲ್ಲ, ಹಾಡಲಿಲ್ಲ, ಮಗಳ ಮಾತೂ ಕೇಳಲಿಲ್ಲ. ಮಂದಿ ಬಂದು ಬುದ್ಧಿ ಹೇಳಿದ್ರು, ಬೈದ್ರು. ಏಳಲಿಲ್ಲ. ನಮ್ಮ ಓಣ್ಯಾಗ ಅನ್ನಮ್ಮ ಅಂತ ಮುದುಕಿ ಇದ್ಲು, ದವಾಖಾನಿ ನರ್ಸು. ದಿನಾ ನಾಕು ಗಂಟೇಕ ಥರ್ಮಾಸಿನ್ಯಾಗ ಚಾ ತಂದು ನನ್ನ ಬಾಜೂಕ ಕೂಡ್ತಿದ್ಲು. ಏನೂ ಮಾತಾಡ್ತಿರಲಿಲ್ಲ. ಎಂಟು ತಿಂಗಳು ಹಂಗ ಬಂದ್ಲು. ಒಂದಿನ ಕೇಳಿದೆ, ಯಾಕ ಬರ್ತಿ? 'ನಾ ಎಲ್ಲಿ ಬರ್ಲಾಕತ್ತೀನಿ, ಅಂವ ಕಳಸ್ಲಾಕತ್ತಾನ' ಅಂದ್ಲು. ಮರುದಿನ ನಾ ಎದ್ದು ತಲಿ ಬಾಚ್ಕೊಂಡೆ. ನನ್ನ ಯೇಸುಸ್ವಾಮಿ ಆ ಮುದುಕಿ ಕಾಲಿಲೆ ನಡದು ಬಂದಿದ್ದ ಅಂತ ನನಗ ಅನಸ್ತದ. ಇವತ್ತು ನಿನ್ನ ಗಂಡ ಹೇಳಿದ ಮ್ಯಾಲ ತಿಳೀತು, ನಾ ನಡದು ಬರಲಿಲ್ಲ. ಹೊತ್ತು ತಂದ್ರು."

ಯಂಕಮ್ಮ ಆಕೆಯ ಕೈ ಹಿಡಿದುಕೊಂಡು ಕೂತಳು. ಎರಡು ಗಾಡಿ ಬಂದುಹೋದವು.

"ನಿಮ್ಮ ಸ್ವಾಮಿಗೆ ಕುರಿ ಕೆಲಸ ಬರ್ತೈತಿ," ಅಂದಳು ಕೊನೆಗೆ.

ಮೌನಪ್ಪ ಬಂದದ್ದು ಮುಕ್ಕಾಲು ಗಂಟೆಯ ಮೇಲೆ. ಮಿಯಾಪುರದವರೆಗೆ ಪ್ರತಿ ಸ್ಟೇಷನ್ನಿನಲ್ಲೂ ಇಳಿದು, ಹೆಸರು ಹಿಡಿದು ಕೂಗಿ, ಮತ್ತೆ ಹತ್ತಿದ್ದ. ಇಲ್ಲಿಯ ಸ್ಟೇಷನ್ ಹುಡುಗಿ ಫೋನು ಮಾಡಿದ್ದರಿಂದ ಕೊನೆಯ ಸ್ಟೇಷನ್ನಿನಲ್ಲಿ ಯಾರೋ "ಮೋನಪ್ಪಾ, ಮೋನಪ್ಪಾ" ಎಂದು ಮೈಕಿನಲ್ಲಿ ಕರೆದು ಸುದ್ದಿ ಮುಟ್ಟಿಸಿದ್ದರು. ಕೂದಲು ಕೆದರಿತ್ತು, ಅಂಗಿ ಬೆವರಿನಲ್ಲಿ ಅದ್ದಿತ್ತು. ಹೆಂಡತಿಯನ್ನು ಕಂಡವನು ನಾಲ್ಕು ಹೆಜ್ಜೆ ದೂರದಲ್ಲೇ ನಿಂತ. ಬಾಯಿ ತೆರೆದ, ಮಾತು ಬರಲಿಲ್ಲ.

"ಬೈಬೇಕಂದ್ರ ಬೈ," ಅಂದಳು ಯಂಕಮ್ಮ.

ಅವನು ಬೈಯಲಿಲ್ಲ. ಅಲ್ಲೇ ನೆಲಕ್ಕೆ ಕೂತು ಅವಳ ಪಾದ ಮುಟ್ಟಿ ನೋಡಿದ, ಪೆಟ್ಟಾಗಿದೆಯೋ ಏನೋ ಅನ್ನುವ ಹಾಗೆ. ಆಮೇಲೆ ಬಾಯಿ ಬಂತು ನೋಡಿ! ಕಾವಲಿನವನಿಗೆ ಕೈಮುಗಿದ, ಸ್ಟೇಷನ್ನಿನ ಹುಡುಗಿಗೆ ಕೈಮುಗಿದ, ಊರಿಗೆ ಫೋನು ಹಚ್ಚಿ "ಅಣ್ಣಾ, ಯಂಕಿ ಸಿಕ್ಲು!" ಅಂತ ಕೂಗಿದ. "ಕಳದಿದ್ದು ಯಾವಾಗ?" ಅಂತ ಅಣ್ಣ ಅತ್ತ ಕೂಗಿದ್ದು ಎಲ್ಲರಿಗೂ ಕೇಳಿಸಿತು. ಕೆಳಗೆ ಇಳಿದು ಇರಾನಿ ಹೋಟೆಲಿನಲ್ಲಿ ಸುಂದರಾಬಾಯಿ ಎಷ್ಟು ಬೇಡವೆಂದರೂ ಕೇಳದೆ ಚಹಾ, ಉಸ್ಮಾನಿಯಾ ಬಿಸ್ಕೀಟು ತರಿಸಿದ. ಪಕ್ಕದ ಟೇಬಲ್ಲಿನ ಅಪರಿಚಿತರಿಗೂ ಬಿಸ್ಕೀಟು ಹಂಚಿ, ತನಗೆ ಬರುವಷ್ಟು ಹಿಂದಿಯಲ್ಲಿ ನಡೆದದ್ದನ್ನೆಲ್ಲ ವರದಿ ಮಾಡಿದ.

ಅಲ್ಲಿಂದ ಹಾಸ್ಟೆಲಿಗೆ ಕರೆದುಕೊಂಡುಹೋಗಿ ಸುಂದರಾಬಾಯಿ ಇಬ್ಬರಿಗೂ ಊಟ ಬಡಿಸಿದಳು. ಅವರು ಕೈ ಹಾಕುವ ಮುಂಚೆ ಹಿಂಜರಿಯುತ್ತ ಕೇಳಿದಳು. "ನಿಮಗಾಗಿ ನಮ್ಮ ಸ್ವಾಮಿ ಹತ್ರ ಒಂದು ಮಾತು ಬೇಡಕೊಳ್ಳಲೇನು? ಬ್ಯಾಡಂದ್ರ ಬ್ಯಾಡ."

"ಬೇಡಕೊಳ್ರಿ," ಅಂದ ಮೌನಪ್ಪ. "ನಾನೂ ನಮ್ಮ ಬೀರಪ್ಪ ದೇವರಿಗಿ ನಿಮ್ಮ ಮೊಣಕಾಲಿಂದು ಹೇಳ್ತೀನಿ."

ಆಕೆ ಪ್ರಾರ್ಥಿಸಿದಳು. ಅವರ ಹೊಸ ಕೆಲಸಕ್ಕಾಗಿ, ಊರಿನಲ್ಲಿದ್ದ ಅಣ್ಣನಿಗಾಗಿ, ಕುರಿಗಳಿಗಾಗಿ, ಹೆಸರು ಕೇಳಲೂ ಬಿಡದೆ ಓಡಿಹೋದ ಆ ಕಾಲೇಜು ಹುಡುಗಿಗಾಗಿ. ನಾಲಗೆ ಎಲ್ಲೂ ಅಂಟಲಿಲ್ಲ. ಸಂಜೆ ತಾನೇ ಜೊತೆಗೆ ಹೋಗಿ ಇಬ್ಬರನ್ನೂ ಗುರುಶಾಂತನ ಕೈಗೆ ಒಪ್ಪಿಸಿ ಬಂದಳು.

ಮೂರು ವಾರದ ಮೇಲೆ ಮೌನಪ್ಪನ ಫೋನಿನಿಂದ ಯಂಕಮ್ಮ ಮಾತಾಡಿದಳು. "ಅಕ್ಕಾರ, ಆ ಕತಿ ಇಲ್ಲಿ ಹೆಣ್ಮಕ್ಕಳಿಗಿ ಹೇಳಿದೆ. ಈಗ ಇನ್ನೊಂದು ಹೇಳು ಅಂತ ಜೀವ ತಿನ್ನಾಕತ್ತಾರ. ನನಗ ಬರಾದು ಒಂದ. ಐತವಾರ ಬರ್ರಿ."

ಭಾನುವಾರ ಆರಾಧನೆ ಮುಗಿಸಿ ಸುಂದರಾಬಾಯಿ ಕೊಂಡಾಪುರದ ಬಸ್ಸು ಹತ್ತಿದಳು. ಹಾಸ್ಟೆಲಿನ ಹುಡುಗಿ ಶಿವಗಂಗಾ, ಕಲಬುರಗಿಯ ಲಿಂಗಾಯತರ ಮನೆಯವಳು, ಕಥೆ ಅಂದದ್ದಕ್ಕೆ ತಾನೂ ಬರುತ್ತೇನೆಂದು ಜೊತೆಗೆ ಹೊರಟಳು. ಏಳಂತಸ್ತಿನ ಅರೆಕಟ್ಟಿದ ಕಟ್ಟಡದ ನೆರಳಿನಲ್ಲಿ, ತಗಡಿನ ಮನೆಗಳ ಮುಂದೆ ಹನ್ನೆರಡು ಹೆಂಗಸರು ಕೂತಿದ್ದರು. ಒಬ್ಬಳ ತೊಡೆಯ ಮೇಲೆ ಮಗು, ಒಬ್ಬಳ ಮುಂದೆ ಮೊರ. ಮೌನಪ್ಪ ದೂರದಲ್ಲಿ ಗಂಡಸರ ಜೊತೆ ಕೂತು, ಕಿವಿ ಮಾತ್ರ ಈ ಕಡೆಗೆ ಇಟ್ಟಿದ್ದ.

"ಇಬ್ರು ಅಕ್ಕತಂಗೇರು ಇದ್ರು," ಸುಂದರಾಬಾಯಿ ಶುರುಮಾಡಿದಳು. "ಒಂದಿನ ಯೇಸುಸ್ವಾಮಿ ಅವರ ಮನಿಗಿ ಬಂದ. ಅಕ್ಕ ಒಲಿ ಮುಂದ ಒಬ್ಬಾಕೀನೇ ಬಡದಾಡ್ಲಾಕತ್ತಿದ್ಲು. ತಂಗಿ ಅಂವನ ಮುಂದ ಮಾತು ಕೇಳ್ಕೋತ ಕುಂತ್ಲು."

"ಏಳಲಿಲ್ಲೇನು ಆಕಿ?" ಮೊರ ಹಿಡಿದವಳು ಕೇಳಿದಳು.

"ಏಳಲಿಲ್ಲ."

"ಮನಿಗಿ ಬೀಗರು ಬಂದಾಗ ಒಬ್ಬಾಕಿ ಕುಂದ್ರಾದು ಅಂದ್ರೇನು! ಹಿಟ್ಟು ನಾದಿ ಕೊಡಾಕರ ಬರತಿರಲಿಲ್ಲ?"

"ದಿನಾ ರೊಟ್ಟಿ ಬಡೀತೀವಿ," ಅಂದಳು ಮಗುವಿನ ತಾಯಿ. "ಒಂದಿನ ಕುಂತು ಮಾತು ಕೇಳಿದ್ರ ಏನು ಗಂಟು ಹೋತು?"

"ಮತ್ತ ಸ್ವಾಮಿ ಉಪಾಸ ಹೋಗ್ಬೇಕೇನು?"

ಹನ್ನೆರಡು ಮಂದಿ ಎರಡು ಪಂಗಡವಾದರು. ಶಿವಗಂಗಾ ತಂಗಿಯ ಪಕ್ಷ ಹಿಡಿದಳು. ಯಂಕಮ್ಮ ಎದ್ದುನಿಂತು ಅಕ್ಕನ ಪರವಾಗಿ ವಾದಿಸಿದಳು. ನಲವತ್ತು ಹುಡುಗಿಯರಿಗೆ ದಿನಾ ಅಡುಗೆ ಮಾಡಿಸುವ ಸುಂದರಾಬಾಯಿಯ ಮನಸ್ಸು ಒಳಗೊಳಗೆ ಯಂಕಮ್ಮನ ಕಡೆಗೇ ವಾಲುತ್ತಿತ್ತು. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಸುಮ್ಮನಿರ್ರೇ ಒಂದು ಗಳಿಗಿ!" ದೂರದಿಂದ ಮೌನಪ್ಪ ಗದರಿಸಿದ. "ಸ್ವಾಮಿ ಏನಂದ ಅಂತ ಕೇಳ್ರಿ ಮೊದಲು."

ಗದ್ದಲ ನಿಂತಿತು. ಎಲ್ಲರೂ ಆಕೆಯ ಕಡೆ ತಿರುಗಿದರು. ಸುಂದರಾಬಾಯಿ ಸೆರಗು ಸರಿಪಡಿಸಿಕೊಂಡು, ಇನ್ನಷ್ಟು ಹತ್ತಿರ ಸರಿದು ಕೂತಳು.